ಮನೆ ಬಾಗಿಲಿಗೆ ಬಂದ ದಾರಿ

ಕೊಡಗಿನ ಹಳೆಯ ಐನ್‌ಮನೆಗಳಿಗೆ, ಅಂದರೆ ಮನೆತನದ ಮೂಲಮನೆಗಳಿಗೆ, ನೇರ ದಾರಿ ಇರುತ್ತಿರಲಿಲ್ಲ. ಗದ್ದೆಬಯಲಿನಿಂದ ಮನೆಯತ್ತ ಏರುವ ಓಣಿ ಎರಡೂ ಕಡೆಯ ಮಣ್ಣಿನ ದಿಣ್ಣೆ ಅಥವಾ ಕಲ್ಲುಕಟ್ಟಣೆಯ ನಡುವೆ ಇಕ್ಕಟ್ಟಾಗಿ ಸಾಗಿ, ಬೇಕೆಂದೇ ತಿರುವು ತೆಗೆದುಕೊಂಡು, ಕೊನೆಗೆ ಅಂಗಳ ಸೇರುತ್ತಿತ್ತು. ಓಣಿಯ ಬಾಯಲ್ಲಿ ನಿಂತವನಿಗೆ ಮನೆ ಕಾಣದು. ದಂಡೆತ್ತಿ ಬಂದವರೂ ಅಲ್ಲಿ ಒಬ್ಬರ ಹಿಂದೊಬ್ಬರು ನಡೆಯಲೇಬೇಕು. ಜಗಲಿಯಲ್ಲಿ ಕೂತ ಯಜಮಾನನಿಗೆ, ಬರುವವರು ನೆಂಟರೋ ಶತ್ರುಗಳೋ ಎಂದು ತಿಳಿಯಲು ಅಷ್ಟು ಹೊತ್ತು ಸಾಕಾಗಿತ್ತು. ಮನೆಗೆ ದಾರಿ ಮಾಡುವಾಗ ಇವತ್ತಿನವರು ಮೊದಲು ಕೇಳುವುದು ಎಷ್ಟು ಸಲೀಸಾಗಿ ಒಳಗೆ ಬರಬಹುದು ಎಂಬುದನ್ನು. ಆ ಕಾಲದವರ ಲೆಕ್ಕ ತಿರುಗುಮುರುಗು: ಬರುವುದು ಎಷ್ಟು ಕಷ್ಟವಾಗಬೇಕು?

ಇಡೀ ನಾಡಿನ ರಕ್ಷಣೆಯೂ ಇದೇ ಲೆಕ್ಕದ ಮೇಲೆ ನಿಂತಿತ್ತು. ಕೊಡಗಿನ ಗುಡ್ಡ, ಕಾಡು, ಗದ್ದೆಗಳ ಅಂಚಿನಲ್ಲೆಲ್ಲ ಹಾದುಹೋಗುವ ಕಡಂಗಗಳು ಯುದ್ಧಕ್ಕಾಗಿ ತೋಡಿದ ಆಳವಾದ ಕಂದಕಗಳು. ಉತ್ತರದ ಬಿದನೂರು ಸೀಮೆಯಲ್ಲಿ ದಟ್ಟ ಕಾಡೇ ಕೋಟೆಯ ಹೊರಗೋಡೆ. ದಾರಿ ಅಗಲವಾದರೆ ಫಿರಂಗಿ ಬರುತ್ತದೆ ಎನ್ನುವುದು ಮಲೆನಾಡಿನ ಅರಸರಿಗೆ ಚೆನ್ನಾಗಿ ಗೊತ್ತಿತ್ತು.

ಬಯಲುಸೀಮೆಯಲ್ಲಿ ಮನೆಗಳೆಲ್ಲ ಒಟ್ಟಿಗೆ ಇರುವುದರಿಂದ ಊರಿಗೆ ಒಂದು ದಾರಿಯಾದರೆ ಎಲ್ಲರಿಗೂ ದಾರಿಯಾದಂತೆ. ಮಲೆನಾಡಿನಲ್ಲಿ ಹಾಗಿಲ್ಲ. ಒಂದು ಕಣಿವೆ, ಅದರ ತಳದಲ್ಲಿ ಗದ್ದೆ ಅಥವಾ ಅಡಿಕೆ ತೋಟ, ಮೇಲಂಚಿನಲ್ಲಿ ಒಂಟಿ ಮನೆ. ಮುಂದಿನ ಮನೆ ಗುಡ್ಡದಾಚೆ. ಹೀಗಾಗಿ ಇಲ್ಲಿ ಪ್ರತಿ ಮನೆಯೂ ತನ್ನ ದಾರಿಯನ್ನು ತಾನೇ ಕಡಿದುಕೊಂಡು, ತಾನೇ ಉಳಿಸಿಕೊಳ್ಳಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಇದು ಹೊಸದಲ್ಲ. ಅಲ್ಲಿನ ಕಥೆಯ ಎಷ್ಟೋ ಭಾಗ ನಡೆಯುವುದೇ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಕಾಡುದಾರಿಗಳಲ್ಲಿ.

ಆ ದಾರಿಗಳ ಆಕಾರವನ್ನು ಗೊತ್ತು ಮಾಡುತ್ತಿದ್ದುದು ಅವುಗಳ ಮೇಲೆ ನಡೆಯುವ ಕಾಲು. ಘಟ್ಟದ ಕೆಳಗಿನಿಂದ ಉಪ್ಪು ಮೇಲೆ ಬರುತ್ತಿತ್ತು, ಮೇಲಿನಿಂದ ಅಕ್ಕಿ, ಅಡಿಕೆ, ಮೆಣಸು ಕೆಳಗೆ ಇಳಿಯುತ್ತಿತ್ತು. ಇವೆಲ್ಲ ಸಾಗುತ್ತಿದ್ದುದು ಹೇರೆತ್ತಿನ ಬೆನ್ನ ಮೇಲೆ ಅಥವಾ ಆಳಿನ ತಲೆಯ ಮೇಲೆ. ಎತ್ತಿಗೆ ಬೇಕಾದದ್ದು ಅದರ ಹೇರು ಹಿಡಿಸುವಷ್ಟು ಅಗಲ. ಮನುಷ್ಯನಿಗೆ ಅದೂ ಬೇಡ. ಇಬ್ಬರಿಗೂ ಕಡಿದಾದ ಏರು ದೊಡ್ಡ ತೊಡಕಲ್ಲ. ಹಾಗಾಗಿ ಹಳೆಯ ದಾರಿಗಳು ಸುತ್ತು ಬಳಸದೆ ಗುಡ್ಡದ ಮೂಗಿನ ಮೇಲೆ ನೆಟ್ಟಗೆ ಏರಿ, ಜಾರುವಲ್ಲಿ ನಾಲ್ಕು ಮೆಟ್ಟಿಲು ಕಲ್ಲು ಹಾಸಿಸಿಕೊಂಡು ಮುಂದೆ ಹೋದವು. ಬೇಲಿ ದಾಟಲು ಮನುಷ್ಯರಿಗೆ ತಡಮೆ. ದನ ನುಗ್ಗದಂತೆ, ಬೇಕಾದಾಗ ಸರಿಸಿ ಒಳಬರುವಂತೆ ಬಿದಿರಿನ ಗಳುಗಳ ಉಣಗೋಲು. ಹಳ್ಳ ದಾಟಲು ಎರಡು ಅಡಿಕೆ ಮರದ ಸಂಕ. ಮನೆಗೊಂದು ದಾರಿ ಎಂದರೆ ಶತಮಾನಗಳ ಕಾಲ ಇಷ್ಟೇ ಆಗಿತ್ತು.

ಇದನ್ನು ಬದಲಿಸಿದ್ದು ಗಾಡಿಚಕ್ರ. ಅದನ್ನು ಗುಡ್ಡಕ್ಕೆ ಎಳೆದು ತಂದದ್ದು ಕಾಫಿ.

1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಅದೇ ವರ್ಷ ಮೈಸೂರಿನ ಕಮಿಷನರ್ ಆಗಿ ಮಾರ್ಕ್ ಕಬ್ಬನ್ ಬಂದರು, 1861ರವರೆಗೆ ಇದ್ದರು. ಅವರ ಆಡಳಿತದಲ್ಲಿ ಮೈಸೂರು ಸೀಮೆಗೆ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆಗಳು ಆದವು. 1856ರಲ್ಲಿ ಲೋಕೋಪಯೋಗಿ ಇಲಾಖೆಯೇ ಹುಟ್ಟಿತು. ಇತ್ತ ಕೊಡಗಿನಲ್ಲಿ 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿ ಬಳಿ ಕಾಫಿ ಎಸ್ಟೇಟು ತೆರೆದ. ಮರುವರ್ಷ ಹದಿಹರೆಯದ ರಾಬರ್ಟ್ ಎಲಿಯಟ್ ಸ್ಕಾಟ್ಲೆಂಡಿನಿಂದ ಬಂದು ಮಂಜರಾಬಾದ್, ಅಂದರೆ ಇಂದಿನ ಸಕಲೇಶಪುರದ ಸೀಮೆಯಲ್ಲಿ ನೆಲೆನಿಂತ. 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕವನ್ನು ತನ್ನ ಪ್ಲಾಂಟರ್ ಜೀವನದ ಮೇಲೆ ಬರೆದ. ಅವನು ಬಂದ ಹೊಸತರಲ್ಲಿ ಆ ಸೀಮೆಯ ಒಳಭಾಗದಲ್ಲಿ ಪ್ರಯಾಣವೆಂದರೆ ಕುದುರೆ, ಸಾಗಾಣಿಕೆಯೆಂದರೆ ಹೇರೆತ್ತು.

ಕಾಫಿಯವರಿಗೆ ಅದು ಸಾಲಲಿಲ್ಲ. ಹಣ್ಣು ಕುಯ್ಯುವುದು ಚಳಿಗಾಲದಲ್ಲಿ. ಒಣಗಿದ ಬೇಳೆ ಮಳೆಗಾಲಕ್ಕೆ ಮುಂಚೆ ಮಂಗಳೂರಿನ ಸಂಸ್ಕರಣಾ ಕಾರ್ಖಾನೆ ಮುಟ್ಟಿ, ಹಡಗು ಹತ್ತಬೇಕು. ನಡುವೆ ಸಿಗುವುದು ಕೆಲವೇ ತಿಂಗಳು. ಬಯಲುಸೀಮೆಯ ಎತ್ತಿನ ಗಾಡಿ ಎಸ್ಟೇಟಿನ ಕಣದವರೆಗೂ ಬಂದು ನಿಲ್ಲದಿದ್ದರೆ ಬೆಳೆ ಬೆಳೆದೂ ಫಲವಿಲ್ಲ. ಸರ್ಕಾರ ಘಟ್ಟದ ಹೆದ್ದಾರಿ ಮಾಡಿಕೊಟ್ಟೀತು. ಆ ಹೆದ್ದಾರಿಯಿಂದ ಬಂಗಲೆಗೂ ಕಣಕ್ಕೂ ಆಗಬೇಕಾದ ಒಂದೋ ಎರಡೋ ಮೈಲಿ ತೋಟದವನ ಜವಾಬ್ದಾರಿ.

ಇಲ್ಲಿ ದಾರಿಯ ಆಕಾರವೇ ಬದಲಾಯಿತು. ತುಂಬಿದ ಗಾಡಿಯನ್ನು ಎತ್ತುಗಳು ಕಡಿದಾದ ಏರಿನಲ್ಲಿ ಎಳೆಯಲಾರವು. ಇಳಿಜಾರಿನಲ್ಲಿ ತಡೆಯಲಂತೂ ಆಗದು, ಹಿಂದಿನ ಭಾರವೇ ಅವನ್ನು ಪ್ರಪಾತಕ್ಕೆ ತಳ್ಳುತ್ತದೆ. ಇಪ್ಪತ್ತು ಅಡಿ ಮುಂದೆ ಹೋದಾಗ ಒಂದು ಅಡಿ ಮೇಲೇರುವ ದಾರಿ ಗಾಡಿಗೆ ಹಿತ. ಹೆದ್ದಾರಿಗಿಂತ ಮನೆ ನೂರು ಅಡಿ ಎತ್ತರದಲ್ಲಿದ್ದರೆ, ನಾಲ್ಕಕ್ಕೊಂದು ಏರುವ ಕಾಲುದಾರಿ ನಾನೂರು ಅಡಿಯಲ್ಲಿ ಮುಗಿಯುತ್ತದೆ. ಗಾಡಿದಾರಿಗೆ ಎರಡು ಸಾವಿರ ಅಡಿ ಬೇಕು. ಅಷ್ಟು ಉದ್ದವನ್ನು ಗುಡ್ಡದ ಪಕ್ಕೆಯಲ್ಲಿ ಮಡಿಸಿ ಮಡಿಸಿ ಇಡಬೇಕು. ಕಾಫಿ ಸೀಮೆಯ ಹಳೆಯ ಎಸ್ಟೇಟು ರಸ್ತೆಗಳು ಅಷ್ಟೊಂದು ಸುತ್ತುವುದು ಇದಕ್ಕೆ.

ಆ ಮಡಿಕೆಗಳನ್ನು ಕಾಡಿನ ನಡುವೆ ಗುರುತಿಸಲು ಒಂದು ಸಾಧಾರಣ ಸಲಕರಣೆ ಇತ್ತು. ಸಿವಿಲ್ ಎಂಜಿನಿಯರಿಂಗ್ ಓದಿದವರು ‘ಸಿಲೋನ್ ಘಾಟ್ ಟ್ರೇಸರ್’ ಎಂಬ ಹೆಸರನ್ನು ಪಠ್ಯದಲ್ಲಿ ನೋಡಿರುತ್ತಾರೆ. ಒಂದು ಕೋಲಿನ ತುದಿಗೆ ತೂಗುಹಾಕಿದ ಲೋಹದ ಕೊಳವೆ. ಒಂದು ತುದಿಯಲ್ಲಿ ಕಣ್ಣಿಡುವ ಸಣ್ಣ ತೂತು, ಇನ್ನೊಂದರಲ್ಲಿ ಅಡ್ಡತಂತಿ. ಕೊಳವೆಗೆ ಹೊಂದಿಕೊಂಡ ತೂಕವೊಂದನ್ನು ಹಲ್ಲುಪಟ್ಟಿಯ ಮೇಲೆ ಸರಿಸಿದರೆ ಕೊಳವೆ ಬೇಕಾದಷ್ಟು ಬಾಗುತ್ತದೆ. ಇಪ್ಪತ್ತಕ್ಕೊಂದು ಎಂಬ ಗುರುತಿಗೆ ತೂಕ ನಿಲ್ಲಿಸಿ, ಅಷ್ಟೇ ಎತ್ತರದ ಗುರಿಹಲಗೆ ಹಿಡಿದ ಆಳನ್ನು ಮುಂದೆ ಕಳಿಸಿ, ಹಲಗೆ ತಂತಿಗೆ ಸೇರುವವರೆಗೆ ಅವನನ್ನು ಮೇಲೆ ಕೆಳಗೆ ಓಡಾಡಿಸಿ, ನಿಂತಲ್ಲಿ ಗೂಟ ಹೊಡೆಯುವುದು. ಗೂಟದಿಂದ ಗೂಟಕ್ಕೆ ಕತ್ತಿ, ಹಾರೆ, ಗುದ್ದಲಿ ಹಿಡಿದ ಜನ ಮೊದಲು ಕಾಲುದಾರಿಯಷ್ಟು ಕಡಿಯುತ್ತಾರೆ, ಆಮೇಲೆ ಅಗಲ ಮಾಡುತ್ತಾರೆ. ಹೀಗೆ ಮಾಡಿದ ದಾರಿ ಗುಡ್ಡವನ್ನು ಸೀಳುವುದಿಲ್ಲ, ಅದರ ಮೈಯನ್ನು ಅನುಸರಿಸಿ ಹೋಗುತ್ತದೆ. ಕೆತ್ತಿದ ಮಣ್ಣು ಕಡಿಮೆ, ಉಂಟಾಗುವ ಬರೆಯೂ, ಅಂದರೆ ಕಡಿದ ಮಣ್ಣಿನ ಗೋಡೆಯೂ, ತಗ್ಗು. ಅಂಥ ದಾರಿಗಳಲ್ಲಿ ಕೆಲವು ಇಂದಿಗೂ ಬಳಕೆಯಲ್ಲಿವೆ ಎಂದರೆ, ಗೂಟ ಹೊಡೆದವರ ತಾಳ್ಮೆಗೆ ಅದೇ ಸಾಕ್ಷಿ. 

ಏರು ಸರಿಯಾದರೆ ಕೆಲಸ ಅರ್ಧ ಮುಗಿದಂತೆ. ಉಳಿದರ್ಧ ನೀರಿನದು. ಸ್ಕಾಟ್ಲೆಂಡಿನ ಜಾನ್ ಮೆಕಾಡಂ 1836ರಲ್ಲಿ ತೀರಿಕೊಳ್ಳುವ ಹೊತ್ತಿಗೆ ರಸ್ತೆ ಕಟ್ಟುವವರಿಗೆ ಒಂದು ತಿಳಿವಳಿಕೆ ಕೊಟ್ಟಿದ್ದ: ಭಾರ ಹೊರುವುದು ಮೇಲಿನ ಕಲ್ಲಲ್ಲ, ಕೆಳಗಿನ ನೆಲ, ನೆಲ ಒಣಗಿದ್ದರೆ ಎಷ್ಟು ಭಾರವನ್ನಾದರೂ ಹೊರುತ್ತದೆ. ಆದ್ದರಿಂದ ರಸ್ತೆ ಸುತ್ತಲಿನ ನೆಲಕ್ಕಿಂತ ಎತ್ತರವಿರಬೇಕು, ಬೆನ್ನು ಉಬ್ಬಿರಬೇಕು, ಪಕ್ಕದಲ್ಲಿ ಚರಂಡಿ ಇರಬೇಕು, ಮೇಲೆ ಒಂದೇ ಅಳತೆಯ ಸಣ್ಣ ಜಲ್ಲಿ ಬಿಗಿಯಾಗಿ ಕೂರಬೇಕು. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ. ಅಲ್ಲಿ ಗಾಡಿಚಕ್ರದ ಜಾಡು ಎರಡು ಬೆರಳು ಆಳವಾದರೆ ಸಾಕು, ಮೊದಲ ಮಳೆಗೆ ಅದೇ ಹಳ್ಳ. ಮಳೆಗಾಲ ಮುಗಿಯುವಷ್ಟರಲ್ಲಿ ಕೊರಕಲು ಮಾತ್ರ ಉಳಿಯುತ್ತದೆ.

ಮಲೆನಾಡಿಗೆ ಅನುಕೂಲವಾಗಿ ಒದಗಿದ್ದು ಜಂಬಿಟ್ಟಿಗೆ. ಅಗೆಯುವಾಗ ಮೆದು, ಗಾಳಿ ತಾಗಿದಂತೆ ಗಟ್ಟಿ. 1800-01ರಲ್ಲಿ ಈ ಸೀಮೆಗಳಲ್ಲೆಲ್ಲ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಈ ಕಲ್ಲನ್ನು ಕಂಡು ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಮನೆಯ ಗೋಡೆಗೆ ಇಟ್ಟಿಗೆಯಾಗಿ ಕಡಿದ ಇದೇ ಕಲ್ಲಿನ ಚೂರು ಮನೆಯ ದಾರಿಗೂ ಹಾಸಾಯಿತು. ಚರಂಡಿ ಸರಿಯಿದ್ದಲ್ಲಿ ಅದು ಚೆನ್ನಾಗಿ ನಿಂತಿತು. ಇಲ್ಲದಲ್ಲಿ ಕೆಂಪು ರಾಡಿಯಾಯಿತು.

ದಾರಿ ಕಡಿಯುವುದಕ್ಕಿಂತ ದಾರಿ ಕೇಳುವುದು ಕಷ್ಟ. ಒಂಟಿ ಮನೆಯವನ ದಾರಿ ಸಾಮಾನ್ಯವಾಗಿ ಇನ್ನೊಬ್ಬರ ಗದ್ದೆಯ ಅಂಚಿನ ಮೇಲೋ ತೋಟದ ಮಗ್ಗುಲಲ್ಲೋ ಹೋಗುತ್ತದೆ. ನಡೆದು ಹೋಗುವವನನ್ನು ಯಾರೂ ತಡೆಯಲಿಲ್ಲ. ಗಾಡಿ ಬರುವಾಗ ಜಗಳವೂ ಬಂತು. ಗದ್ದೆಯಂಚು ಅಗಲವಾದಷ್ಟೂ ಗದ್ದೆ ಕಿರಿದಾಗುತ್ತದಲ್ಲ! 1882ರ ಅನುಭೋಗ ಹಕ್ಕುಗಳ ಕಾಯ್ದೆ, ಅಂದರೆ ಈಸ್‌ಮೆಂಟ್ಸ್ ಆ್ಯಕ್ಟ್, ಜಾರಿಗೆ ಬಂದಾಗ ಅದು ಅನ್ವಯಿಸಿದ್ದು ಮೂರೇ ಪ್ರಾಂತಗಳಿಗೆ: ಮದ್ರಾಸು, ಮಧ್ಯಪ್ರಾಂತ, ಕೊಡಗು. ಪುಟ್ಟ ಕೊಡಗು ಆ ಪಟ್ಟಿಯಲ್ಲಿದ್ದುದು ಗಮನಿಸಬೇಕಾದ ವಿಷಯ. ಈ ಕಾಯ್ದೆಯ ಪ್ರಕಾರ, ಒಂದೇ ಆಸ್ತಿ ಪಾಲಾಗಿ ಒಬ್ಬನ ಪಾಲಿಗೆ ಬೇರೆ ದಾರಿಯೇ ಇಲ್ಲವಾದರೆ ಅನಿವಾರ್ಯದ ದಾರಿ ಅವನಿಗೆ ಸಿಗುತ್ತದೆ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದು ಬಳಸಿದ ದಾರಿಯೂ ಹಕ್ಕಾಗುತ್ತದೆ. ಬೇರೆ ದಾರಿ ಸಿಕ್ಕಿ ಅನಿವಾರ್ಯ ತಪ್ಪಿದ ದಿನ ಮೊದಲ ಬಗೆಯ ಹಕ್ಕು ಮುಗಿಯುತ್ತದೆ. ಮೈಸೂರಿನಲ್ಲಿ 1863ರಿಂದ ಶುರುವಾದ ಕಂದಾಯ ಸರ್ವೆ ಇನ್ನೊಂದು ಆಧಾರ ಕೊಟ್ಟಿತು. ಗ್ರಾಮ ನಕ್ಷೆಯಲ್ಲಿ ಚುಕ್ಕಿಗೆರೆಗಳಾಗಿ ಮೂಡಿದ ಕಾಲುದಾರಿ, ಬಂಡಿದಾರಿಗಳನ್ನೇ ‘ನಕಾಶೆ ಕಂಡ ದಾರಿ’ ಎಂದು ಹಿಡಿದು ಜನ ಇಂದಿಗೂ ತಹಶೀಲ್ದಾರರ ಕಚೇರಿ ಮೆಟ್ಟಿಲು ಹತ್ತುತ್ತಾರೆ.

ಗಾಡಿದಾರಿ ಎಲ್ಲರಿಗೂ ಬರಲಿಲ್ಲ ಎಂಬುದನ್ನು ಕಾಫಿಯ ಕಥೆ ಹೇಳುವವರು ಮರೆಯುತ್ತಾರೆ. ಕರಾವಳಿಯಲ್ಲೂ ಘಟ್ಟದ ಬುಡದಲ್ಲೂ ಸಾವಿರಾರು ಮನೆಗಳಿಗೆ ಕಾಲುಸಂಕವೇ ಹೆಬ್ಬಾಗಿಲಾಗಿ ಉಳಿಯಿತು. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಹಗ್ಗದಂಥ ಉಕ್ಕಿನ ತಂತಿ, ಎರಡು ಕಂಬ, ನಡೆಯಲು ಹಲಗೆ, ಊರಿನವರ ಕೈಕೆಲಸ. ಆಮೇಲೆ ಅವರು ಕಟ್ಟಿದ ಸೇತುವೆಗಳು ನೂರು ದಾಟಿದವು, 2017ರಲ್ಲಿ ಪದ್ಮಶ್ರೀ ಬಂತು. ಆದರೂ 2022ರ ಆಗಸ್ಟಿನಲ್ಲಿ ಬೈಂದೂರು ಬಳಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಮನೆಯ ದಾರಿಯನ್ನು ಮನೆಯವರ ಪಾಡಿಗೆ ಬಿಟ್ಟ ಹಳೆಯ ಪದ್ಧತಿಗೆ ನಾಡು ತೆತ್ತ ಬೆಲೆ ಇಂಥದು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜೀಪು ಬಂತು. 1947ರಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಬೊಂಬಾಯಿಯಲ್ಲಿ ಜೋಡಿಸತೊಡಗಿತು. ನಾಲ್ಕೂ ಚಕ್ರಕ್ಕೆ ಬಲ ಸಿಗುವ ಈ ವಾಹನ ಎತ್ತಿಗೆ ಬೇಕಿದ್ದ ಇಪ್ಪತ್ತಕ್ಕೊಂದರ ಲೆಕ್ಕವನ್ನು ಕೇಳಲೇ ಇಲ್ಲ. ಸುತ್ತಿ ಹೋಗುತ್ತಿದ್ದ ಮಡಿಕೆಗಳ ನಡುವೆ ಅಡ್ಡಹಾಯುವ ನೇರ ದಾರಿಗಳು ಹುಟ್ಟಿದವು; ಒಂದರ್ಥದಲ್ಲಿ ಹೇರೆತ್ತಿನ ಕಾಲದ ಕಡಿದಾದ ಏರು ಮರಳಿ ಬಂತು. ಆದರೆ ಎತ್ತಿನ ಗೊರಸು ನೆಲ ಬಗೆಯುವುದಕ್ಕೂ ಕೆಸರಿನಲ್ಲಿ ತಿರುಗುವ ಚಕ್ರ ಬಗೆಯುವುದಕ್ಕೂ ಬಹಳ ವ್ಯತ್ಯಾಸ.

ಆಮೇಲಿನದು ಜೆಸಿಬಿ. 1979ರಲ್ಲಿ ಎಸ್ಕಾರ್ಟ್ಸ್ ಜೊತೆ ಸೇರಿ ಭಾರತದಲ್ಲಿ ತಯಾರಿಕೆಗೆ ಇಳಿದ ಈ ಕಂಪನಿಯ ಹೆಸರೇ ಈಗ ಹಳದಿ ಯಂತ್ರಕ್ಕೆಲ್ಲ ಹೆಸರು. ಹತ್ತಾರು ಆಳು ವಾರಗಟ್ಟಲೆ ಕಡಿಯುತ್ತಿದ್ದ ದಾರಿಯನ್ನು ಅದು ಒಂದೆರಡು ದಿನದಲ್ಲಿ ಮುಗಿಸುತ್ತದೆ. ತಾಸಿನ ಲೆಕ್ಕದ ಬಾಡಿಗೆಯಾದ್ದರಿಂದ ಗೂಟ ಹೊಡೆಯಲು ಯಾರಿಗೂ ವ್ಯವಧಾನವಿಲ್ಲ. ಮನೆಯಷ್ಟೆತ್ತರದ ಬರೆಯನ್ನು ಲಂಬವಾಗಿ ಕತ್ತರಿಸಿ, ತೆಗೆದ ಸಡಿಲ ಮಣ್ಣನ್ನು ಕೆಳಗಿನ ಇಳಿಜಾರಿಗೆ ನೂಕಿದರೆ ಹೋಂಸ್ಟೇಗೆ ಕಾರು ಬರುವ ದಾರಿ ಸಿದ್ಧ. ಬೇರಿನ ಹಿಡಿತ ತಪ್ಪಿದ ಬರೆಯೊಳಗೆ ನೀರು ಇಳಿಯುತ್ತದೆ. ಸಡಿಲ ಮಣ್ಣು ನೀರುಂಡು ಭಾರವಾಗುತ್ತದೆ.

2018ರ ಆಗಸ್ಟಿನ ಮಹಾಮಳೆಗೆ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಸುತ್ತಮುತ್ತ ಗುಡ್ಡಗಳೇ ಜಾರಿದವು. ಮಡಿಕೇರಿ–ಮಂಗಳೂರು ಹೆದ್ದಾರಿ ವಾರಗಟ್ಟಲೆ ಮುಚ್ಚಿತು. ಮಳೆ ವಿಪರೀತವಾಗಿತ್ತು, ನಿಜ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅಲ್ಲಿಗೆ ಹೋಗಿ ನೋಡಿದಾಗ, ರಸ್ತೆಗೂ ಕಟ್ಟಡಕ್ಕೂ ಗುಡ್ಡದ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದನ್ನೂ ಕಾರಣವಾಗಿ ಗುರುತಿಸಿತು. ಬರೆ ಜಾರಿದರೆ ಪೆಟ್ಟು ತಿನ್ನುವವರು ಅದನ್ನು ಕಡಿಸಿದವರಷ್ಟೇ ಅಲ್ಲ, ಅದರ ಕೆಳಗಿನ ಗದ್ದೆ ತೋಟದವರೂ.

ಹಳೆಯ ಎಸ್ಟೇಟುಗಳಲ್ಲಿ ಮುಂಗಾರಿಗೆ ಮೊದಲು ದಾರಿಯ ಚರಂಡಿ ಕೆತ್ತಿಸುವುದು, ಮೋರಿಗೆ ಸಿಕ್ಕಿಕೊಂಡ ದರಗು ತೆಗೆಸುವುದು, ನೀರನ್ನು ಅಲ್ಲಲ್ಲಿ ಅಡ್ಡಗಾಲುವೆಯಲ್ಲಿ ಪಕ್ಕಕ್ಕೆ ತಿರುಗಿಸುವುದು ಇಂದಿಗೂ ವರ್ಷದ ಕೆಲಸದ ಪಟ್ಟಿಯಲ್ಲಿದೆ. ಒಂದೆರಡು ಎಕರೆ ಕೊಂಡು, ಕಾರುದಾರಿ ಕಡಿಸಿ, ವಾರಾಂತ್ಯಕ್ಕೆ ಬಂದುಹೋಗುವವರ ಜಾಗಗಳಲ್ಲಿ ಮೇ ತಿಂಗಳಿನಲ್ಲಿ ಗುದ್ದಲಿ ಹಿಡಿಯುವ ಆಳು ಇರುವುದಿಲ್ಲ. ಅಲ್ಲಿನ ಚರಂಡಿ ತುಂಬಿದರೆ ನೀರು ಇಳಿಯುವುದು ಕೆಳಗಿನ ಮನೆಯವರ ಗದ್ದೆಗೆ. ಆ ಚರಂಡಿಯನ್ನು ಯಾರು, ಯಾರ ಖರ್ಚಿನಲ್ಲಿ ಕೆತ್ತಬೇಕು ಎಂಬ ಮಾತು ಜಾಗದ ಕ್ರಯಪತ್ರದಲ್ಲೇ ಬರೆದಾಗಬೇಕು, ಜೆಸಿಬಿ ಬರುವ ಮೊದಲು.