ಬೆರಳಿಗೆ ಗೊತ್ತಾಗದ ಕಿಡಿ

ಬಾಚಣಿಗೆಯಿಂದ ತಲೆ ಬಾಚಿ ಕಾಗದದ ಚೂರು ಎತ್ತುವ ಆಟವನ್ನು ನಾವೆಲ್ಲ ಆಡಿದವರೇ ಅಲ್ವಾ? 'ಎಲೆಕ್ಟ್ರಿಸಿಟಿ' ಅನ್ನೋ ಹೆಸರು ಹುಟ್ಟಿದ್ದೂ ಇಂಥ ಉಜ್ಜಾಟದಿಂದಲೇ. ಮರದ ಅಂಟು ಕಲ್ಲಾಗಿ ಆಗುವ ಅಂಬರ್‌ಗೆ ಗ್ರೀಕರು 'ಎಲೆಕ್ಟ್ರಾನ್' ಅನ್ನುತ್ತಿದ್ದರು. ಉಜ್ಜಿದರೆ ಅಂಬರಿನ ಹಾಗೆ ಸೆಳೆಯುವ ವಸ್ತುಗಳಿಗೆಲ್ಲ 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಅದೇ ಪದದಿಂದ ಹೆಸರಿಟ್ಟ.

ವಾಲ್ವ್ ರೇಡಿಯೋ ಕಟ್ಟುತ್ತಿದ್ದ ಹವ್ಯಾಸಿಗಳಿಗೆ ಈ ಸ್ಥಾಯೀ ವಿದ್ಯುತ್ತಿನ ಭಯ ಇರಲಿಲ್ಲ. ವಾಲ್ವುಗಳು ನೂರಾರು ವೋಲ್ಟಿನಲ್ಲೇ ಬದುಕುವಂಥವು. ಕಥೆ ತಿರುಗಿದ್ದು 1959-60ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಅಟಾಲ್ಲಾ ಮತ್ತು ಕಾಂಗ್ ಮಾಸ್‌ಫೆಟ್ ಮಾಡಿ ತೋರಿಸಿದಾಗ. ಅದರ ಗೇಟಿನ ಕೆಳಗೆ ಗಾಜಿನಂಥ ಒಂದು ತೆಳು ಪದರ. ಆರಂಭದ ದಿನಗಳಲ್ಲಿ ಅದರ ದಪ್ಪ ಸುಮಾರು 100 ನ್ಯಾನೋಮೀಟರ್. ಅದಕ್ಕೆ ತೂತು ಬೀಳಲು ಸುಮಾರು 100 ವೋಲ್ಟ್ ಸಾಕು. ನಮ್ಮ ಬೆರಳಿಗೆ 'ಚುರ್' ಅನ್ನಿಸಬೇಕಾದರೆ ಸುಮಾರು 3000 ವೋಲ್ಟ್ ಬೇಕು! ಅಂದರೆ ನಮಗೆ ಏನೂ ಗೊತ್ತಾಗದೆಯೇ ಐಸಿ ಸತ್ತಿರುತ್ತದೆ.. ಕೆಲವೊಮ್ಮೆ ಪೂರ್ತಿ ಸಾಯದೆ, ಗಾಯಗೊಂಡು, ತಿಂಗಳುಗಳ ನಂತರ ಕೈಕೊಡುತ್ತದೆ.

ಆಗಿನ ಕೆಲವು ಮಾಸ್‌ಫೆಟ್‌ಗಳ ಕಾಲುಗಳಿಗೆಲ್ಲ ಒಂದು ಪುಟ್ಟ ಲೋಹದ ಉಂಗುರ ಸುತ್ತಿರುತ್ತಿತ್ತು. ಸಾಲ್ಡರ್ ಮಾಡಿದ ಮೇಲೆಯೇ ಅದನ್ನು ತೆಗೆಯಬೇಕಿತ್ತು. ಮುಂದೆ ಐಸಿಯ ಒಳಗೇ ರಕ್ಷಣೆಯ ಡಯೋಡ್‌ಗಳು ಬಂದವು, ಹೊರಗೆ ವಿದ್ಯುತ್ ಹರಿಯುವ ಕಪ್ಪು ಸ್ಪಂಜು ಬಂತು. ಎಲ್ಲದರ ಗುಟ್ಟು ಒಂದೇ: ಎಲ್ಲ ಕಾಲುಗಳೂ ಒಂದೇ ವೋಲ್ಟೇಜಿನಲ್ಲಿರಲಿ. ಆ ಸ್ಪಂಜಿನ ಬದಲು ಥರ್ಮೋಕೋಲ್‌ಗೆ ಐಸಿ ಚುಚ್ಚಿಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಚಾರ್ಜ್ ಕೂರುವುದಕ್ಕೆ ಅದಕ್ಕಿಂತ ಒಳ್ಳೆ ಜಾಗ ಇನ್ನೊಂದಿಲ್ಲ.

ಕಾರ್ಖಾನೆಗಳಿಂದ ನಮ್ಮ ಮೇಜಿಗೆ ಬಂದ ಇನ್ನೊಂದು ವಸ್ತು ಮಣಿಕಟ್ಟಿನ ಪಟ್ಟಿ. ಇಲ್ಲಿ ಮಾತ್ರ ಉಳಿತಾಯ ಬೇಡ ಗೆಳೆಯರೇ. "ಪಟ್ಟಿ ಯಾಕೆ, ಒಂದು ತಾಮ್ರದ ತಂತಿ ಕೈಗೆ ಸುತ್ತಿ ಅರ್ತಿಂಗಿಗೆ ಸೇರಿಸಿದರೆ ಆಯ್ತು" ಅನ್ನುವವರಿದ್ದಾರೆ. ಪಟ್ಟಿಯ ತಂತಿಯಲ್ಲಿ 1 ಮೆಗಾಓಮ್‌ನ ರೆಸಿಸ್ಟರ್ ಇರುತ್ತದೆ. ಇನ್ನೊಂದು ಕೈ ಅಕಸ್ಮಾತ್ 230 ವೋಲ್ಟ್ ಮುಟ್ಟಿದರೂ ಆ ದಾರಿಯಲ್ಲಿ ಹರಿಯುವುದು 0.23 ಮಿಲಿಆಂಪ್ ಮಾತ್ರ. ಬರೀ ತಂತಿಯಾದರೆ? ಎದೆಯ ಮೂಲಕ ಕರೆಂಟಿಗೆ ನಾವೇ ರಾಜಮಾರ್ಗ ಮಾಡಿಕೊಟ್ಟಂತೆ.

ನಾನಂತೂ ಪಟ್ಟಿ ಇಲ್ಲದಾಗ, ಅರ್ತಿಂಗ್ ಇರುವ ಲೋಹದ ಪೆಟ್ಟಿಗೆಯನ್ನು ಮೊದಲು ಮುಟ್ಟಿಯೇ ಐಸಿ ಕೈಗೆತ್ತಿಕೊಳ್ಳುವುದು. ಹತ್ತು ರೂಪಾಯಿಯ ಐಸಿ ಹೋದರೆ ಇನ್ನೊಂದು ತರಬಹುದು, ಅದನ್ನು ಉಳಿಸಲು ಹೋಗಿ ಜೀವ ಕಳೆದುಕೊಳ್ಳುವುದು ಬೇಡ. ಏನಂತೀರಿ?