ಎದೆಯುರಿ ಎಂದು ಸುಮ್ಮನಿರಬೇಡಿ: ಊಟ, ಎಣ್ಣೆ ಮತ್ತು ಹೃದಯ

ಮದುವೆ ಊಟ ಮುಗಿಸಿ ಬಂದವರಿಗೆ ರಾತ್ರಿ ಎದೆ ಹಿಡಿದಂತಾದರೆ ಮನೆಯಲ್ಲಿ ಮೊದಲು ಬರುವ ಮಾತು ‘ಗ್ಯಾಸ್ ಇರಬೇಕು’. ಸೋಡಾ, ಜೀರಿಗೆ ನೀರು, ಒಂದು ಗುಳಿಗೆ, ಆಮೇಲೆ ‘ಬೆಳಗ್ಗೆ ನೋಡೋಣ’. ಹೃದಯಾಘಾತದಲ್ಲಿ ಅತಿ ಹೆಚ್ಚು ನಷ್ಟವಾಗುವುದು ಈ ಕಾಯುವಿಕೆಯಲ್ಲೇ.

ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರುತ್ತಾ ಹೋಗುತ್ತದೆ. ಒಂದು ದಿನ ಆ ಪದರ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುತ್ತದೆ. ನಾಳ ತೆರೆಯುವವರೆಗೆ ಸ್ನಾಯು ಸಾಯುತ್ತಲೇ ಇರುತ್ತದೆ. ಎದೆಯ ನಡುವೆ ಭಾರ ಇಟ್ಟಂತೆ ಒತ್ತಡ, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು ಇದರ ಸಾಮಾನ್ಯ ಲಕ್ಷಣಗಳು. ಹೆಂಗಸರಲ್ಲಿ ಮತ್ತು ಶುಗರ್ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ ಕಾಣಿಸಬಹುದು. ಮೊದಲ ಇಸಿಜಿ ಸರಿ ಬಂದರೂ ಹೃದಯಾಘಾತ ಇಲ್ಲ ಎಂದಾಗುವುದಿಲ್ಲ. ನೋವು ಮುಂದುವರಿದರೆ ಮತ್ತೆ ಇಸಿಜಿ ಮತ್ತು ಟ್ರೋಪೊನಿನ್ ರಕ್ತ ಪರೀಕ್ಷೆ ಬೇಕಾಗುತ್ತದೆ.

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರಿಗೆ ಇದರ ಬಿಸಿ ಸ್ವಲ್ಪ ಹೆಚ್ಚು. ಹೃದಯದ ದೊಡ್ಡ ಚಿಕಿತ್ಸೆಗೆ ಇಲ್ಲಿನ ಬಹಳಷ್ಟು ಜನ ನಂಬಿರುವುದು ಮಂಗಳೂರನ್ನು. ಕಾಸರಗೋಡಿನಿಂದ ಅದು ಸುಮಾರು 50 ಕಿ.ಮೀ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಚಿಕಿತ್ಸೆ ಸಿಗದೆ ಜೀವ ಕಳೆದುಕೊಂಡವರನ್ನು ಈ ಊರುಗಳು ಮರೆತಿಲ್ಲ. ಇಂದು ಗಡಿ ತೆರೆದಿದೆ, ಆದರೆ ಮನೆಯಲ್ಲೇ ಎರಡು ಗಂಟೆ ಕಳೆದರೆ ದಾರಿ ತೆರೆದಿದ್ದೂ ಪ್ರಯೋಜನವಿಲ್ಲ. ರೋಗಿ ಸ್ವತಃ ಬೈಕ್, ಕಾರು ಓಡಿಸಬಾರದು. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಬೇಕು. ಆಂಜಿಯೋಪ್ಲಾಸ್ಟಿಗೆ ತಡವಾಗುವಂತಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ದಾರಿ ಇದೆ. ಅದನ್ನು ವೈದ್ಯರು ತೀರ್ಮಾನಿಸುತ್ತಾರೆ.

ಇನ್ನು ಊಟದ ವಿಷಯ. ಕರಾವಳಿಯ ಹಳೇ ಅಡುಗೆಯಲ್ಲಿ ಹೃದಯಕ್ಕೆ ಒಗ್ಗುವುದು ಬೇಕಾದಷ್ಟಿದೆ. ಕುಚ್ಚಲಕ್ಕಿ ಗಂಜಿ, ಹೆಸರು, ಬಸಳೆ, ಮೀನು ಸಾರು ಎಲ್ಲವೂ ಅದೇ ಸಾಲಿನವು. ಬೂತಾಯಿ, ಬಂಗುಡೆಯಲ್ಲಿ ಒಮೆಗಾ-3 ಕೊಬ್ಬು ಚೆನ್ನಾಗಿದೆ, ಬೆಲೆಯೂ ದುಬಾರಿ ಮೀನುಗಳಷ್ಟಿಲ್ಲ. ಅದೇ ಮೀನನ್ನು ಎಣ್ಣೆಯಲ್ಲಿ ಮುಳುಗಿಸಿ ಗರಿಗರಿ ಹುರಿದರೆ ಲಾಭ ಅರ್ಧ ಹೋಯಿತು. ಒಣ ಮೀನು, ಉಪ್ಪಿನಕಾಯಿ ಜೊತೆಗಿದ್ದರೆ ಉಪ್ಪಿನ ಲೆಕ್ಕ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ.

ಎಣ್ಣೆಯನ್ನು ಕುಡಿಕೆಯಿಂದ ಸುರಿಯುವಾಗ ಯಾರೂ ಅಳೆಯುವುದಿಲ್ಲ. ತಿಂಗಳ ಲೆಕ್ಕ ಸುಲಭ: ನಾಲ್ಕು ಮಂದಿಯ ಮನೆಗೆ ಎಲ್ಲಾ ಎಣ್ಣೆ, ತುಪ್ಪ ಸೇರಿ ಮೂರೂವರೆ ಲೀಟರ್ ದಾಟಿದರೆ ಅದು ಜಾಸ್ತಿ. ತೆಂಗಿನೆಣ್ಣೆಯ ಸುಮಾರು ಶೇ.90, ತಾಳೆ ಎಣ್ಣೆಯ ಸುಮಾರು ಅರ್ಧ ಭಾಗ ಸ್ಯಾಚುರೇಟೆಡ್ ಕೊಬ್ಬು. ಹಾಗಾಗಿ ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಕಡಲೆಕಾಯಿ, ಸಾಸಿವೆಯಂಥ ಎಣ್ಣೆ ಬದಲಿಸಿ ಬಳಸುವುದು ಒಳ್ಳೆಯದು. ಕರಿದು ಕಪ್ಪಾದ ಎಣ್ಣೆಯನ್ನು ಮತ್ತೆ ಒಲೆಗಿಡುವುದು ಉಳಿತಾಯವೇ ಅಲ್ಲ.

ಬಿರಿಯಾನಿ, ನೈಚೋರು ಹಬ್ಬಕ್ಕೆ ಬೇಕು. ತೊಂದರೆ ಏನೆಂದರೆ ಮದುವೆ, ನಿಶ್ಚಿತಾರ್ಥ, ಗೃಹಪ್ರವೇಶ ಎಂದು ಕೆಲವು ತಿಂಗಳು ವಾರಕ್ಕೆ ಮೂರು ಸಲ ಹಬ್ಬ! ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ (ಸ)ರ ಬೋಧನೆಯನ್ನು ಪ್ರವಚನದಲ್ಲಿ ಕೇಳದವರಿಲ್ಲ. ಅದೇ ಸಭಾಂಗಣದಲ್ಲಿ ‘ಇನ್ನೊಂದು ಪೀಸ್ ಹಾಕಿ’ ಎಂಬ ಒತ್ತಾಯ ಮಾತ್ರ ನಿಂತಿಲ್ಲ. ಬೇಡ ಎಂದ ಅತಿಥಿಯನ್ನು ಬಿಟ್ಟುಬಿಡುವುದೂ ಮರ್ಯಾದೆಯೇ.

ರಮಝಾನ್‌ನಲ್ಲಿ ಖರ್ಜೂರ, ನೀರು, ಹಣ್ಣಿನಿಂದ ಉಪವಾಸ ಬಿಟ್ಟು, ಮಗ್ರಿಬ್ ಬಳಿಕ ಗಂಜಿ ಅಥವಾ ಹಗುರ ಊಟ ಮಾಡಿದರೆ ತರಾವೀಹ್‌ಗೆ ಮೈ ಭಾರವಾಗುವುದಿಲ್ಲ. ಸಮೋಸ, ಕಟ್ಲೆಟ್ ದಿನಾ ಬೇಕಿಲ್ಲ. ಶರಬತ್ತಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ.

ಬೀಡಿ, ಸಿಗರೇಟು ಪೂರ್ತಿ ಬಿಡಬೇಕು, ಕಡಿಮೆ ಮಾಡಿದರೆ ಸಾಲದು. ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಸಾಕು. ಸುಬುಹ್ ನಮಾಝ್ ಮುಗಿಸಿ ಮಸೀದಿಯಿಂದ ಸ್ವಲ್ಪ ಸುತ್ತು ಹಾಕಿ ಮನೆಗೆ ಬಂದರೆ ಅರ್ಧ ಲೆಕ್ಕ ಮುಗಿಯಿತು. ಗಂಡಸರ ಸೊಂಟ 90 ಸೆಂ.ಮೀ., ಹೆಂಗಸರದ್ದು 80 ಸೆಂ.ಮೀ. ದಾಟಿದ್ದರೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಮುಂದೂಡಬಾರದು. ರಜೆಗೆ ಊರಿಗೆ ಬಂದ ಗಲ್ಫ್ ಉದ್ಯೋಗಿಗಳು ಇದಕ್ಕೊಂದು ಬೆಳಗ್ಗೆ ತೆಗೆದಿಡಬಹುದು.

ಬಿಪಿ 140/90ರ ಕೆಳಗೆ ಬಂತೆಂದು ಮಾತ್ರೆ ನಿಲ್ಲಿಸುವವರು ಬಹಳ. ಇಳಿದದ್ದು ಮಾತ್ರೆಯಿಂದಲೇ, ಬಿಟ್ಟರೆ ಮತ್ತೆ ಏರುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು. ಉಪವಾಸದ ತಿಂಗಳಲ್ಲಿ ಅದನ್ನು ಸಹರಿಗೋ ಇಫ್ತಾರ್‌ಗೋ ಹೊಂದಿಸಲು ಆಗುತ್ತದೆಯೇ, ಉಪವಾಸವೇ ಬೇಡವೇ ಎಂಬುದನ್ನು ರಮಝಾನ್‌ಗೆ ಕೆಲವು ವಾರ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಬೇಕು.