ಹೌಸ್ ಬ್ಯೂಟಿಫುಲ್: ಬ್ರಿಂಗಿಂಗ್ ದ ವಾರ್ ಹೋಮ್

ಅಮೆರಿಕದ ಕಲಾವಿದೆ ಮಾರ್ಥಾ ರಾಸ್ಲರ್ (ಜನನ 1943) ಸುಮಾರು 1967ರಿಂದ 1972ರವರೆಗೆ ರಚಿಸಿದ 20 ಫೋಟೊಮೊಂಟಾಜ್‌ಗಳ ಸರಣಿ. ವಿಯೆಟ್ನಾಂ ಯುದ್ಧಕ್ಕೂ ಅಮೆರಿಕನ್ನರ ಕೊಳ್ಳುಬಾಕ ಬದುಕಿಗೂ ಇದ್ದ ನಂಟನ್ನು ಇಷ್ಟು ನೇರವಾಗಿ ತೋರಿಸಿದ ಕೃತಿಗಳು ವಿರಳ.

ಸರಣಿಯ ಬೀಜ ಆ ಕಾಲದ ಪತ್ರಿಕೆಗಳಲ್ಲೇ ಇತ್ತು. ‘ಲೈಫ್’ ವಾರಪತ್ರಿಕೆಯಲ್ಲಿ ಗಾಯಾಳುಗಳ ಚಿತ್ರದ ಮಗ್ಗುಲಿಗೇ ಗೃಹೋಪಯೋಗಿ ವಸ್ತುಗಳ ಜಾಹೀರಾತು ಇರುತ್ತಿತ್ತು. ಓದುಗ ಪುಟ ತಿರುವಿದರೆ ಯುದ್ಧ ಮರೆಯಾಗುತ್ತಿತ್ತು. ರಾಸ್ಲರ್ ಅಲ್ಲಿನ ಯುದ್ಧಚಿತ್ರಗಳನ್ನು ಕತ್ತರಿಸಿ, ‘ಹೌಸ್ ಬ್ಯೂಟಿಫುಲ್’ನಂಥ ಗೃಹಾಲಂಕಾರ ಪತ್ರಿಕೆಗಳ ನಡುಮನೆ, ಅಡುಗೆಮನೆಗಳೊಳಗೆ ಅಂಟಿಸಿದರು.

‘ಕ್ಲೀನಿಂಗ್ ದ ಡ್ರೇಪ್ಸ್’ ಚಿತ್ರದಲ್ಲಿ ಹೆಗಲಿಗೆ ವ್ಯಾಕ್ಯೂಮ್ ಕ್ಲೀನರ್ ನೇತುಹಾಕಿಕೊಂಡ ಮಹಿಳೆಯೊಬ್ಬಳು ಕಿಟಕಿಯ ಬೆಲೆಬಾಳುವ ಪರದೆಯ ಧೂಳು ತೆಗೆಯುತ್ತಿದ್ದಾಳೆ. ಪರದೆ ಸರಿದಲ್ಲಿ ಕಾಣಬೇಕಾದ ಕೈತೋಟದ ಬದಲು ಬಂಡೆಗಳ ನಡುವಿನ ಕಂದಕ, ಅದರಲ್ಲಿ ಸೈನಿಕರು. ಅವಳ ಗಮನವೆಲ್ಲ ಪರದೆಯ ಮೇಲೇ. ‘ಬಲೂನ್ಸ್’ನಲ್ಲಿ ಗಾಯಗೊಂಡ ಮಗುವನ್ನೆತ್ತಿಕೊಂಡ ವಿಯೆಟ್ನಾಮಿನ ವ್ಯಕ್ತಿಯೊಬ್ಬರು ಅಚ್ಚುಕಟ್ಟಾದ ಮನೆಯೊಂದರ ಮೆಟ್ಟಿಲಲ್ಲಿದ್ದಾರೆ, ಮೂಲೆಯಲ್ಲಿ ಬಣ್ಣದ ಬಲೂನುಗಳು. ‘ರೆಡ್ ಸ್ಟ್ರೈಪ್ ಕಿಚನ್’ನ ಸೈನಿಕರಂತೂ ಬೆಳ್ಳನೆಯ ಅಡುಗೆಮನೆಯಲ್ಲಿ ಬಗ್ಗಿ ಏನನ್ನೋ ಹುಡುಕುತ್ತಿರುವಂತಿದೆ.

ನಾಜಿಗಳ ವಿರುದ್ಧ ಫೋಟೊಮೊಂಟಾಜ್ ಬಳಸಿದ ಜರ್ಮನಿಯ ಜಾನ್ ಹಾರ್ಟ್‌ಫೀಲ್ಡ್ ಈ ದಾರಿಯಲ್ಲಿ ಮುಂಚಿನವರು. ಅವರದು ವ್ಯಂಗ್ಯಚಿತ್ರದ ಉತ್ಪ್ರೇಕ್ಷೆ. ರಾಸ್ಲರ್ ಮಾತ್ರ ನೋಡುವವರು ಒಳಗೆ ಕಾಲಿಡಬಹುದಾದ ಒಂದೇ ಕೋಣೆಯನ್ನು ಕಟ್ಟುತ್ತಾರೆ. ಇರಿಯುವುದು ಈ ಸಹಜತೆಯೇ.

ಜಾಹೀರಾತು ಫಲಕ ಬರೆಯುತ್ತಿದ್ದ ಜೇಮ್ಸ್ ರೋಸೆನ್‌ಕ್ವಿಸ್ಟ್ ‘ಎಫ್-111’ (1964–65) ವರ್ಣಚಿತ್ರದಲ್ಲಿ ಯುದ್ಧವಿಮಾನದ ಉದ್ದಕ್ಕೂ ಟೈರು, ಸ್ಪಗೆಟಿ, ಹೇರ್ ಡ್ರೈಯರಿನಡಿಯ ಹುಡುಗಿಯನ್ನು ತಂದಿದ್ದರು. ಆದರೆ 86 ಅಡಿ ಉದ್ದದ ಆ ಕೃತಿ ಗ್ಯಾಲರಿಗೆಂದೇ ಆದದ್ದು. ರಾಸ್ಲರ್ ತಮ್ಮ ಚಿತ್ರಗಳನ್ನು ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿ ಯುದ್ಧವಿರೋಧಿ ಮೆರವಣಿಗೆಗಳಲ್ಲಿ ಹಂಚಿದರು. ಪರ್ಯಾಯ ಪತ್ರಿಕೆಗಳಿಗೂ ಕೊಟ್ಟರು. ಜನ ಸಾಯುತ್ತಿರುವಾಗ ಇವನ್ನು ಕಲಾಲೋಕದಲ್ಲಿ ಪ್ರದರ್ಶಿಸುವುದು ಅವರಿಗೆ ಸರಿಕಾಣಲಿಲ್ಲ.

ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳ ಹೊತ್ತಿಗೆ, 2004 ಮತ್ತು 2008ರಲ್ಲಿ, ರಾಸ್ಲರ್ ಉದ್ದೇಶಪೂರ್ವಕವಾಗಿಯೇ ಹಳೆಯ ತಂತ್ರಕ್ಕೆ ಮರಳಿದರು. ‘ಫೋಟೊ-ಆಪ್’ (2004) ಚಿತ್ರದಲ್ಲಿ ಫ್ಯಾಷನ್ ರೂಪದರ್ಶಿಯ ಕೈಯಲ್ಲಿ ಮೊಬೈಲ್, ಹಿಂದಿನ ಕುರ್ಚಿಗಳಲ್ಲಿ ಮಕ್ಕಳ ಶವ, ಕಿಟಕಿಯಾಚೆ ಬೆಂಕಿ. ಮೊದಲ ಸರಣಿಯ ಬಿಗಿ ಇದರಲ್ಲಿ ಕಡಿಮೆ.

ಒಂದು ಕಾಲಕ್ಕೆ ಪುಕ್ಕಟೆ ಕರಪತ್ರವಾಗಿದ್ದ ಮೂಲ ಸರಣಿ ಆಮೇಲೆ ವರ್ಣಮುದ್ರಣಗಳಾಗಿ ಕಲಾಮಾರುಕಟ್ಟೆಯನ್ನೂ ಸೇರಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಈಗ ಅದರ ಪ್ರತಿ ಇದೆ.